ಬಿಸಿಲಿಗೆ ಹಾಕದ ವಸ್ತು

ಹಪ್ಪಳದ ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಅರ್ಧಚಂದ್ರ ಕಾಣೆಯಾಗಿತ್ತು. ಹರಿದದ್ದಲ್ಲ, ಕುಕ್ಕಿದ್ದೂ ಅಲ್ಲ. ಅಂಚಿನುದ್ದಕ್ಕೂ ಸಣ್ಣ ಸಣ್ಣ ಗೀರುಗಳೊಂದಿಗೆ ಅಚ್ಚುಕಟ್ಟಾಗಿ ಕತ್ತರಿಸಿದಂತಿತ್ತು. ಅಜ್ಜಿ ಅದನ್ನು ಎರಡು ಬೆರಳುಗಳಲ್ಲಿ ಹಿಡಿದು, ಸಂಜೆಯ ಬೆಳಕು ಬೀಳುವ ಜಗಲಿಯ ಕಂಬದ ಹತ್ತಿರ ತಂದು, ಮೂಗಿಗೆ ತಾಗುವಷ್ಟು ಸಮೀಪದಲ್ಲಿಟ್ಟು ಪರೀಕ್ಷಿಸಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಕೇಳಿದರು: “ನಮ್ಮ ಪಾರೆಯ ಕಾಗೆಗಳಿಗೆ ಹಲ್ಲು ಬಂದದ್ದು ಯಾವಾಗ?”

ನಾನು ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು. ಕಚ್ಚಿದ ಗುರುತು ನೋಡಿ ಕಚ್ಚಿದ ಪ್ರಾಣಿ ಯಾವುದೆಂದು ಹೇಳುವ ತರಬೇತಿ ನನಗೆ ಸ್ವಲ್ಪ ಮಟ್ಟಿಗೆ ಆಗಿದೆ. ಈ ಸಲ ಅದೂ ಬೇಕಿರಲಿಲ್ಲ. ಹಲ್ಲು ನನ್ನ ತಂಗಿ ಸುಮತಿಯದು. ಅವಳು ನನ್ನ ಬೆನ್ನ ಹಿಂದೆಯೇ ನಿಂತು, ತುಟಿ ಬಿಗಿದುಕೊಂಡು, ಇನ್ನೂ ಅಗಿಯುತ್ತಿದ್ದಳು. ಅರೆ ಒಣಗಿದ ಹಲಸಿನ ಹಪ್ಪಳವನ್ನು ಕದ್ದು ತಿನ್ನದ ಹುಡುಗಿ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ, ಅದನ್ನು ಯಾರೂ ದೊಡ್ಡ ತಪ್ಪೆಂದು ತಿಳಿಯುವುದಿಲ್ಲ. ಆದರೆ ಆ ಅರ್ಧಚಂದ್ರದ ಹಿಂದೆ ನನ್ನ ಒಂದು ಇಡೀ ಬೇಸಗೆಯ ಉಪಾಯವಿತ್ತು, ಅದು ಬಯಲಾಗುವ ಹೊತ್ತು ಬಂದಿತ್ತು. ಹಾಗಾಗಿ ಮೊದಲಿನಿಂದ ಹೇಳುವುದೇ ಒಳ್ಳೆಯದು.

ನಮ್ಮ ಮನೆ ಮುಳ್ಳೇರಿಯದಿಂದ ಕಾರಡ್ಕದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಪಾರೆಯ ಅಂಚಿನಲ್ಲಿದೆ. ಪಾರೆಯೆಂದರೆ ಕೆಂಪು ಮುರಕಲ್ಲಿನ ಬರಿ ಬಯಲು. ಹುಲ್ಲು ಕೂಡ ಅಲ್ಲಿ ಮಳೆ ಬಂದ ಮೇಲೆಯೇ ಧೈರ್ಯ ಮಾಡಿ ತಲೆ ಎತ್ತುತ್ತದೆ. ಬೇಸಗೆಯಲ್ಲಿ ಆ ಕಲ್ಲು ಕಾದ ಕಾವಲಿಯಂತಾಗಿ, ಮಧ್ಯಾಹ್ನ ದಾಟಿದ ಮೇಲೂ ಬರಿಗಾಲಿಡಲು ಆಗುವುದಿಲ್ಲ. ಬೇರೆಯವರ ಮನೆಯಲ್ಲಿ ಗದ್ದೆಯಿದೆ, ಹೊಳೆಯಿದೆ. ನಮಗಿರುವ ಆಸ್ತಿ ಬಿಸಿಲು. ಅಜ್ಜಿ ಅದನ್ನು ಚೂರೂ ಹಾಳು ಮಾಡುವವರಲ್ಲ. ಸಂಕ್ರಾಂತಿ ಕಳೆದದ್ದೇ ತಡ, ನಮ್ಮ ಮನೆಯ ಒಂದೊಂದೇ ವಸ್ತು ಪಾರೆಗೆ ಹೊರಡುತ್ತದೆ. ಹುಣಸೆಹಣ್ಣು, ಮೆಣಸು, ಗೇರುಬೀಜ, ಕೊಬ್ಬರಿ, ಮಾವಿನ ಹಣ್ಣಿನ ರಸ ಹಚ್ಚಿದ ಚಾಪೆ, ಉಪ್ಪುನೀರಿನಲ್ಲಿ ಬೇಯಿಸಿದ ಹಲಸಿನ ಬೀಜ, ಹಾಸಿಗೆ, ತಲೆದಿಂಬು, ಅಪ್ಪನ ಹಳೆಯ ಪಂಚಾಂಗಗಳ ಕಟ್ಟು, ಎಲ್ಲದರ ಕೊನೆಗೆ, ಎಲ್ಲಕ್ಕಿಂತ ಗೌರವದಿಂದ, ಹಲಸಿನ ಹಪ್ಪಳ. ಬಿಸಿಲು ತಾಗಿದ್ದಕ್ಕೆ ಹುಳ ಬೀಳುವುದಿಲ್ಲ, ತಾಗದ್ದಕ್ಕೆ ಬೂಸ್ಟು ಹಿಡಿಯುತ್ತದೆ ಎಂಬುದು ಅಜ್ಜಿಯ ಜೀವನದ ಸಾರ. ನಮ್ಮ ಮನೆಯಲ್ಲಿ ಬಿಸಿಲಿಗೆ ಹಾಕದ ವಸ್ತು ಒಂದೇ, ಸುಮತಿ. ಒಮ್ಮೆ ನಾನು ಅದನ್ನು ಬಾಯಿಬಿಟ್ಟು ಕೇಳಿಯೂ ಇದ್ದೆ. “ಅವಳೆಂತ ಹಪ್ಪಳವಾ?” ಎಂದು ಅಜ್ಜಿ ಆ ಚರ್ಚೆಯನ್ನು ಮುಗಿಸಿದ್ದರು.

ಸುಮತಿ ನನಗಿಂತ ಐದು ವರ್ಷಕ್ಕೆ ಕಿರಿಯಳು, ನನಗಿಂತ ಬೆಳ್ಳಗಿನವಳು. ಈ ಎರಡನೆಯ ಮಾತೇ ಅವಳ ಕಷ್ಟಕ್ಕೆಲ್ಲ ಮೂಲ. ಅವಳ ಜಾತಕ ಹೊರಗೆ ಹೋದ ದಿನದಿಂದ ಅವಳು ಒಳಗೆ ಕುಳಿತಳು. ಅಜ್ಜಿಯ ಲೆಕ್ಕದಲ್ಲಿ ಹುಡುಗಿಯ ಬಣ್ಣವೆಂದರೆ ಕುಪ್ಪಿಯಲ್ಲಿಟ್ಟ ಕರ್ಪೂರ, ಮುಚ್ಚಳ ತೆಗೆದಷ್ಟೂ ನಷ್ಟ. ಬಟ್ಟೆ ಒಗೆಯಲು ಹೋಗಬಾರದು, ಬಾವಿಕಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು, ದೇವಸ್ಥಾನಕ್ಕೆ ಹೋಗುವುದಿದ್ದರೆ ಸಂಜೆಯ ಪೂಜೆಗೆ. ಉಳಿದ ಹೊತ್ತೆಲ್ಲ ನಡುಮನೆಯ ಹಿಂದಿನ ಒಳಕೋಣೆ. ಅಲ್ಲಿ ಹೂ ಕಟ್ಟುತ್ತಾ, ಹರಿದದ್ದನ್ನು ಹೊಲಿಯುತ್ತಾ, ಶೀತ ಹಿಡಿಸಿಕೊಳ್ಳುತ್ತಾ ಅವಳು ದಿನ ಕಳೆದಳು. ಅವಳಷ್ಟು ಶೀತ ಹಿಡಿಸಿಕೊಂಡ ಜೀವವನ್ನು ನಾನು ನೋಡಿಲ್ಲ. ರಸ್ತೆಯಲ್ಲಿ ಬಸ್ಸಿನಿಂದ ಯಾರಾದರೂ ಸೀನಿದರೆ ಸಂಜೆಗೆ ನಮ್ಮ ಒಳಕೋಣೆಯಲ್ಲಿ ಉತ್ತರ ಕೇಳುತ್ತಿತ್ತು. ನೋಡಲು ಬಂದ ಹುಡುಗರ ಕಡೆಯವರಿಗೆ ಅವಳ ಬಿಳಿ ಬಣ್ಣ ಕಂಡದ್ದೇ ಕಡಿಮೆ. ಕಂಡದ್ದು ಕೆಂಪು ಮೂಗು. ಒಬ್ಬರು ಉಪ್ಪಿಟ್ಟು ತಿಂದು ಮುಗಿಸಿ, “ಹುಡುಗಿ ಚಂದ ಉಂಟು, ಆದರೆ ಶೀತ ಪ್ರಕೃತಿ” ಎಂದು ನೆಲಕ್ಕೆ ಬಿದ್ದ ಹಲಸಿನ ಹಣ್ಣಿನ ಬಗ್ಗೆ ಹೇಳುವ ಧಾಟಿಯಲ್ಲಿ ಹೇಳಿ ಹೋದರು.

ನಗು ಬರುವ ವಿಷಯ ಇಷ್ಟೇ. ಉಳಿದದ್ದರಲ್ಲಿ ನಗುವಂಥದ್ದು ಇರಲಿಲ್ಲ. ನಮ್ಮ ಅಮ್ಮ ತೀರಿಕೊಂಡದ್ದು ಆ ಒಳಕೋಣೆಯಲ್ಲೇ. ಮೊದಲು ಶೀತ, ಆಮೇಲೆ ಜ್ವರ, ಆಮೇಲೆ ಎದೆಗೆ ಇಳಿಯಿತು ಎಂದು ದೊಡ್ಡವರು ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ನೆನಪಿದೆ. ಇಳಿಯುವುದೆಂದರೆ ಮೆಟ್ಟಿಲಿನಿಂದ ಇಳಿದಂತೆ ಎಂದು ಆಗ ನಾನು ಭಾವಿಸಿದ್ದೆ. ಸುಮತಿಗೆ ಅಮ್ಮನ ಮುಖವೂ ನೆನಪಿಲ್ಲ. ಅವಳು ರಾತ್ರಿ ಕೆಮ್ಮಿದಾಗಲೆಲ್ಲ ನಾನು ಎಚ್ಚರವಾಗಿ, ಕೆಮ್ಮು ಎಲ್ಲಿಂದ ಬರುತ್ತಿದೆ, ಗಂಟಲಿನಿಂದಲೋ ಅದಕ್ಕಿಂತ ಕೆಳಗಿನಿಂದಲೋ ಎಂದು ಕಿವಿಗೊಡುತ್ತಿದ್ದೆ. ಅಪ್ಪನೂ ಪಕ್ಕದ ಕೋಣೆಯಲ್ಲಿ ಅದನ್ನೇ ಮಾಡುತ್ತಿದ್ದರೆಂದು ಅವರ ಚಾಪೆಯ ಸದ್ದಿನಿಂದ ನನಗೆ ಗೊತ್ತಾಗುತ್ತಿತ್ತು. ಈ ವಿಷಯ ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ. ನಮ್ಮ ಮನೆಯಲ್ಲಿ ಹಾಗೆಯೇ. ಕೆಮ್ಮುವವರು ಕೆಮ್ಮುತ್ತಾರೆ, ಉಳಿದವರು ಮಗ್ಗುಲು ಬದಲಿಸುತ್ತಾರೆ.

ನನ್ನ ಬಣ್ಣದ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಮದ್ರಾಸಿಗೆ ಹೋಗಿ ಓದಿ ಬಂದವಳು, ಮುಳ್ಳೇರಿಯದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಇಂಥವಳಿಗೆ ಬಣ್ಣ ಇದ್ದೂ ಪ್ರಯೋಜನವೇನು? “ನಿನಗೆ ಬಿಸಿಲು ಬಿದ್ದರೂ ಒಂದೇ, ಬೀಳದಿದ್ದರೂ ಒಂದೇ” ಎಂದು ಅಜ್ಜಿ ಯಾವ ಕೆಟ್ಟ ಮನಸ್ಸೂ ಇಲ್ಲದೆ, ನನಗೆ ಅನುಕೂಲವಾಗಲೆಂದೇ ಹೇಳುತ್ತಿದ್ದರು. ಮಂಗಳೂರಿನಿಂದ ತಂದ ನನ್ನ ಕಪ್ಪು ಕೊಡೆಯನ್ನು ಹಿಡಿದು ನಾನು ಶಾಲೆಗೆ ನಡೆದು ಹೋಗುತ್ತಿದ್ದೆ, ನಡೆದು ಬರುತ್ತಿದ್ದೆ. ನನಗೆ ಶೀತ ಆಗುತ್ತಿರಲಿಲ್ಲ.

ಇದಕ್ಕೆ ಕಾರಣ ನನಗೆ ಗೊತ್ತಿದೆಯೆಂದು ನಾನು ನಂಬಿದ್ದೆ. ಕಾಲೇಜಿನ ಗ್ರಂಥಾಲಯದಲ್ಲಿ, ಪರೀಕ್ಷೆಗೆ ಬೇಡದ ಪತ್ರಿಕೆಗಳನ್ನೇ ಹೆಚ್ಚು ಓದುತ್ತಿದ್ದ ಕಾಲದಲ್ಲಿ, ಬಿಸಿಲು ತಾಗಿದ ಚರ್ಮದಲ್ಲಿ ಡಿ ಎಂಬ ವಿಟಮಿನ್ ತಾನಾಗಿಯೇ ಹುಟ್ಟುತ್ತದೆ, ಅದು ಇಲ್ಲದ ಮಕ್ಕಳ ಮೂಳೆ ಬಾಗುತ್ತದೆ, ಅಂಥವರಿಗೆ ಶೀತ ಜ್ವರಗಳೂ ಬೇಗ ತಗಲುತ್ತವೆ ಎಂದು ಓದಿದ್ದೆ. ಸರಿಯಾಗಿ ಹೇಳಬೇಕೆಂದರೆ, ಮೂಳೆಯ ವಿಷಯದಲ್ಲಿ ಪಂಡಿತರೆಲ್ಲ ಒಂದೇ ಮಾತು ಹೇಳಿದ್ದರು. ಶೀತದ ವಿಷಯದಲ್ಲಿ ಕೆಲವರು ಹೌದೆಂದಿದ್ದರು, ಕೆಲವರು ನಮಗೆ ಹಾಗೆ ಕಾಣಲಿಲ್ಲ ಎಂದಿದ್ದರು. ಮನೆಯಲ್ಲಿ ಹೇಳುವಾಗ ನಾನು ಈ ಎರಡನೆಯ ಗುಂಪಿನವರನ್ನು ಕೈಬಿಟ್ಟೆ. ಅಜ್ಜಿಯ ಎದುರಿಗೆ ನಿಂತು ಎರಡೂ ಪಕ್ಷವನ್ನು ಹೇಳುವಷ್ಟು ದೊಡ್ಡ ವಿಜ್ಞಾನಿ ನಾನಲ್ಲ.

ಮುಳ್ಳೇರಿಯದ ಡಾಕ್ಟರ ಬಳಿಗೂ ಸುಮತಿಯನ್ನು ಕರೆದುಕೊಂಡು ಹೋಗಿದ್ದೆವು. ಹೋದದ್ದು ಸೂರ್ಯ ಮುಳುಗಿದ ಮೇಲೆ, ಎತ್ತಿನ ಗಾಡಿಯಲ್ಲಿ. ಅವರು ಎದೆಗೆ ಕೊಳವೆ ಇಟ್ಟು ಕೇಳಿ, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಅಜ್ಜಿಯ ಕಡೆಗೆ ತಿರುಗಿದರು.

“ಮೀನೆಣ್ಣೆ ಕೊಡಿ. ದಿನಾ ಒಂದು ಚಮಚ.”

“ರಾಮ ರಾಮ! ನಮ್ಮಲ್ಲಿ ಅದೆಲ್ಲ ಆಗ್ಲಿಕ್ಕಿಲ್ಲ” ಎಂದರು ಅಜ್ಜಿ.

“ಹಾಗಾದರೆ ಬಿಸಿಲು ಕೊಡಿ. ದುಡ್ಡೂ ಬೇಡ, ಮಡಿಗೂ ತೊಂದರೆ ಇಲ್ಲ.”

“ಅದೂ ಆಗ್ಲಿಕ್ಕಿಲ್ಲ. ಮದುವೆ ಆಗ್ಬೇಕಲ್ಲ ಡಾಕ್ಟ್ರೇ.”

ಡಾಕ್ಟರು ಲೇಖನಿಯನ್ನು ಮೇಜಿನ ಮೇಲಿಟ್ಟರು. “ಮತ್ತೆ ನಾನು ಎಂತ ಬರೆದು ಕೊಡ್ಲಿ ಅಮ್ಮಾ, ನೀವೇ ಹೇಳಿ.” ಅಜ್ಜಿ ಸ್ವಲ್ಪ ಯೋಚಿಸಿ, ಕಹಿ ಇಲ್ಲದ ಯಾವುದಾದರೂ ಕೆಂಪು ನೀರು ಕೊಟ್ಟರೆ ಸಾಕು ಎಂದರು. ಅದನ್ನೇ ಕೊಟ್ಟರು. ಗಾಡಿಯಲ್ಲಿ ಹಿಂದೆ ಬರುವಾಗ ಅಜ್ಜಿ ನನ್ನ ವಿಟಮಿನ್ನಿಗೆ ಇನ್ನೂ ಒಂದು ಪೆಟ್ಟು ಕೊಟ್ಟರು. ಗಾಡಿ ಹೊಡೆಯುತ್ತಿದ್ದವನು ನಮ್ಮಲ್ಲಿ ಬಹಳ ವರ್ಷಗಳಿಂದ ಕೆಲಸಕ್ಕೆ ಬರುತ್ತಿದ್ದ ಐತ. “ಅಲ್ಲ ಪದ್ಮಾ, ಮೀನು ತಿಂದರೆ, ಬಿಸಿಲಲ್ಲಿ ನಿಂತರೆ ಶೀತ ಆಗುವುದಿಲ್ಲ ಅಂತ ನೀನು ಹೇಳುವುದಲ್ವಾ? ಈ ಐತ ಎರಡೂ ಮಾಡ್ತಾನೆ. ಅವನು ಹೋದ ವಾರ ಕೆಮ್ಮಿದ್ದು ಯಾಕೆ, ಕೇಳು.” ಐತ ಎತ್ತಿನ ಬಾಲ ತಿರುಚುತ್ತಾ ನಕ್ಕ. “ಅದು ಬೀಡಿಯ ಕೆಮ್ಮು ಅಮ್ಮಾ. ಅಕ್ಕನ ವಿಟಮಿನ್ ಬೀಡಿಗೆ ಹೆದರ್ತದೋ ಏನೋ.” ಒಂದು ಉದಾಹರಣೆಯಿಂದ ಸಿದ್ಧಾಂತ ಸುಳ್ಳಾಗುವುದಿಲ್ಲ ಎಂಬ ಉತ್ತರ ನನ್ನಲ್ಲಿತ್ತು. ಆದರೆ ನನ್ನ ಬಳಿ ಇದ್ದ ಉದಾಹರಣೆಯೂ ಒಂದೇ, ಅದು ನಾನು.

ಹೋದ ಬೇಸಗೆಯಲ್ಲಿ ಫ್ಲೂ ಬಂತು. ಹಿಂದಿನ ನವೆಂಬರಿನಲ್ಲಿ ರಾಜ್ಯಗಳ ಗಡಿ ಬದಲಾಗಿ, ಮದ್ರಾಸಿನವರಾಗಿದ್ದ ನಾವು ಮಲಗಿದಲ್ಲೇ ಕೇರಳದವರಾಗಿದ್ದೆವು. ಅದರ ಗಲಾಟೆಯ ಸುದ್ದಿಗಳನ್ನೆಲ್ಲ ಹಿಂದೆ ಹಾಕಿ ಪತ್ರಿಕೆಗಳಲ್ಲಿ ಈ ಹೊಸ ಜ್ವರ ಮೊದಲ ಪುಟಕ್ಕೆ ಬಂತು. ಪೂರ್ವ ದೇಶಗಳಿಂದ ಹಡಗಿನಲ್ಲಿ ಮದ್ರಾಸಿಗೆ ಬಂದಿದೆಯಂತೆ, ರೈಲು ಹತ್ತಿದೆಯಂತೆ, ಮಂಗಳೂರಿಗೂ ಮುಟ್ಟಿತಂತೆ. ಅಪ್ಪ ದಿನವೂ ಸಂಜೆ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು; ಜ್ವರದ ಸುದ್ದಿಗೆ ಬಂದಾಗ ಮಾತ್ರ ಮನಸ್ಸಿನಲ್ಲೇ ಓದಿಕೊಂಡು ಪುಟ ತಿರುಗಿಸುತ್ತಿದ್ದರು. ಜ್ವರಕ್ಕೆ ಕಾರಣವಾದದ್ದು ಕಣ್ಣಿಗೆ ಕಾಣದ, ನಮ್ಮ ಕಾಲೇಜಿನ ಸೂಕ್ಷ್ಮದರ್ಶಕಕ್ಕೂ ಸಿಗದ ವೈರಸ್ ಎಂದು ನಾನು ಅಜ್ಜಿಗೆ ವಿವರಿಸಿದೆ. “ಕಾಣದ್ದು ಉಂಟು ಅಂತ ನೀನು ನಂಬುತ್ತಿ. ಮತ್ತೆ ನಾನು ಹೇಳುವ ದೃಷ್ಟಿಯನ್ನು ಯಾಕೆ ನಂಬುವುದಿಲ್ಲ?” ಎಂದು ಅವರು ಕೇಳಿದರು. ನಮ್ಮಿಬ್ಬರ ನಡುವಿನ ವಾದಗಳಲ್ಲಿ ಸಾಮಾನ್ಯವಾಗಿ ಇಂಥ ಜಾಗದಲ್ಲಿ ನಾನು ಎದ್ದು ನೀರು ಕುಡಿಯಲು ಹೋಗುತ್ತೇನೆ.

ಆ ಜ್ವರ ಮುಳ್ಳೇರಿಯಕ್ಕೆ ಬರುವ ಬಸ್ಸಿನಿಂದ ಇಳಿದು, ಪಾರೆ ದಾಟಿ, ಒಳಕೋಣೆಗೆ ನೇರವಾಗಿ ಹೋಗುವುದನ್ನು ನಾನು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದ್ದೆ. ಅಷ್ಟರೊಳಗೆ ಸುಮತಿಗೆ ಸ್ವಲ್ಪವಾದರೂ ಬಿಸಿಲು ಉಣ್ಣಿಸಬೇಕು. ಹೇಗೆ?

ಶಾಲೆಗೆ ರಜೆಯಿದ್ದುದರಿಂದ ಹಪ್ಪಳ ಕಾಯುವ ಕೆಲಸ ನನ್ನದಾಗಿತ್ತು. ಒಲೆಯಿಂದ ಒರಳಿಗೆ, ಒರಳಿನಿಂದ ಮಣೆಗೆ, ಮಣೆಯಿಂದ ಚಾಪೆಗೆ ಬರುವವರೆಗೆ ಅಜ್ಜಿಯ ಆಳ್ವಿಕೆ. ಚಾಪೆಗೆ ಬಿದ್ದ ಮೇಲೆ ಕಾಗೆಗೂ ನನಗೂ ಬಿಟ್ಟದ್ದು. ಅಜ್ಜಿಯ ಮೊಣಕಾಲಿಗೆ ಪಾರೆ ಹತ್ತಲು ಆಗದು. ಹಪ್ಪಳ ಮಡಿಯ ವಸ್ತುವಾದ್ದರಿಂದ ಐತನನ್ನು ಹತ್ತಿರ ಬಿಡುತ್ತಿರಲಿಲ್ಲ. ಅವನು ಎಸೆದ ಕಲ್ಲು ಕಾಗೆಗೆ ತಾಗಬಹುದು, ಅವನ ನೆರಳು ಮಾತ್ರ ಹಪ್ಪಳಕ್ಕೆ ತಾಗಬಾರದು. ಹಾಗಾಗಿ ನಾನು ಕೂರದಿದ್ದರೆ ಇನ್ನೊಬ್ಬಳು ಕೂರಲೇಬೇಕು. ಮತ್ತು ನಾನು ಕೂರಬಾರದ ದಿನಗಳು ತಿಂಗಳಲ್ಲಿ ಮೂರು ಇದ್ದವು.

ಇದನ್ನು ಅಚ್ಚಿನಲ್ಲಿ ಹೇಳಬಹುದೋ ಬಾರದೋ ಎಂದು ಬಹಳ ಯೋಚಿಸಿದ್ದೇನೆ. ಹೆಂಗಸರಿಗೆ ವಿವರಣೆ ಬೇಡ, ಗಂಡಸರು ಈ ಪುಟ ಬಿಟ್ಟು ಮುಂದೆ ಹೋಗಬಹುದು. ನಮ್ಮ ಕಡೆ ಮಕ್ಕಳ ಎದುರಿಗೆ ಇದನ್ನು ಕಾಗೆ ಮುಟ್ಟಿತು ಎನ್ನುತ್ತಾರೆ. ಒಂದು ಬೆಳಿಗ್ಗೆ, ಹಪ್ಪಳದ ದೊಡ್ಡ ಸುತ್ತು ಚಾಪೆಗೆ ಬೀಳುವ ದಿನ, ನಾನು ಎದ್ದವಳೇ ಅಡುಗೆಮನೆಯ ಹೊಸ್ತಿಲಿನ ಆಚೆ ನಿಂತು ಕಾಗೆ ಮುಟ್ಟಿತು ಎಂದೆ. ಮುಟ್ಟಿರಲಿಲ್ಲ. ಅಜ್ಜಿ ಹಿಟ್ಟಿನ ಕೈಯಲ್ಲೇ ನನ್ನನ್ನು ಒಂದು ಸಲ ನೋಡಿ, “ಇವತ್ತೇ ಆಗ್ಬೇಕಿತ್ತಾ” ಎಂದು ಗೊಣಗಿ, ಪಡುಬದಿಯ ಜಗಲಿಗೆ ನನ್ನ ಚಾಪೆ, ಚೆಂಬು, ತಟ್ಟೆಗಳನ್ನು ತಳ್ಳಿಸಿದರು. ಆಮೇಲೆ ಬಹಳ ಹೊತ್ತು ಮನಸ್ಸಿನಲ್ಲೇ ಹಪ್ಪಳವನ್ನೂ ಮೊಮ್ಮಗಳ ಬಣ್ಣವನ್ನೂ ತೂಗಿದರು. ತಕ್ಕಡಿಯಲ್ಲಿ ಹಪ್ಪಳದ ತಟ್ಟೆಯೇ ಕೆಳಗೆ ಬಂತು. ಸುಮತಿಯನ್ನು ಕರೆದರು.

ಅವಳನ್ನು ಕಳಿಸಿದ ರೀತಿ ನೋಡಿದ್ದರೆ ಯಾರಾದರೂ ಹಿಮಾಲಯಕ್ಕೆ ಕಳಿಸುತ್ತಿದ್ದಾರೆಂದು ತಿಳಿಯುತ್ತಿದ್ದರು. ಸೆರಗನ್ನು ತಲೆಗೆ ಎಳೆದು ಗಲ್ಲದ ಕೆಳಗೆ ಬಿಗಿದರು, ಕೈಗೆ ಅಪ್ಪನ ಹಳೆಯ ಅಂಗಿಯ ತೋಳು ಹಾಕಿಸಿದರು, ಎಲ್ಲದರ ಮೇಲೆ ನನ್ನ ಕಪ್ಪು ಕೊಡೆಯನ್ನು ಬಿಡಿಸಿ ಹಿಡಿಸಿದರು. ನಾನು ಜಗಲಿಯಿಂದ ನೋಡಿದೆ. ಅವಳ ದೇಹದಲ್ಲಿ ಬಿಸಿಲು ಬೀಳುವ ಜಾಗ ಎಂದರೆ ಎರಡು ಹೆಬ್ಬೆರಳು. ಇಷ್ಟು ಚರ್ಮದಲ್ಲಿ ಎಷ್ಟು ವಿಟಮಿನ್ ಹುಟ್ಟೀತು ಎಂದು ಲೆಕ್ಕ ಹಾಕಲು ಹೊರಟು, ದುಃಖವಾಗಿ ಬಿಟ್ಟುಬಿಟ್ಟೆ.

ಆದರೆ ಬಿಡಿಸಿದ ಕೊಡೆ ಹಿಡಿದುಕೊಂಡು ಯಾರೂ ಕಾಗೆ ಓಡಿಸಲು ಆಗುವುದಿಲ್ಲ. ಸುಮತಿ ಕೊಡೆಯೊಂದಿಗೆ ಎದ್ದು, ಕೊಡೆಯೊಂದಿಗೆ ಓಡಿ, ಕೊಡೆ ಗಾಳಿಗೆ ತಿರುಗಿ, ಅವಳು ಅದರೊಂದಿಗೆ ಜಗಳವಾಡುತ್ತಿರುವಾಗ ಕಾಗೆಗಳು ಸಾವಕಾಶವಾಗಿ ಆರಿಸಿ ಆರಿಸಿ ತಿಂದವು. ಸ್ವಲ್ಪ ಹೊತ್ತಿಗೆ ಅವಳು ಏನೋ ಯೋಚಿಸಿದಂತೆ ಕಂಡಿತು. ಕೊಡೆಯನ್ನು ಮಡಚಿದಳು, ಸೆರಗು ಬಿಚ್ಚಿದಳು, ಅಂಗಿಯ ತೋಳು ಕಳಚಿದಳು. ನಮ್ಮ ಕಡೆ ಹಪ್ಪಳದ ಬಳಿ ಸತ್ತ ಕಾಗೆಯ ರೆಕ್ಕೆ ತೂಗಹಾಕುವುದುಂಟು. ಅದನ್ನು ಕಂಡರೆ ಉಳಿದ ಕಾಗೆಗಳು ದೂರ ನಿಲ್ಲುತ್ತವೆ. ಅವಳು ಕೊಡೆಯ ಕಪ್ಪು ಬಟ್ಟೆಯನ್ನು ಅಲ್ಲಲ್ಲಿ ಕಡ್ಡಿಯಿಂದ ಸಡಿಲಿಸಿ, ತಲೆಕೆಳಗಾಗಿ ಒಂದು ಕೋಲಿಗೆ ಕಟ್ಟಿ ಚಾಪೆಗಳ ನಡುವೆ ನೆಟ್ಟಳು. ಗಾಳಿಗೆ ಅದು ಅಲ್ಲಾಡಿದಾಗ ನನ್ನ ಕೊಡೆ ಎಂದು ಗೊತ್ತಿದ್ದ ನನಗೂ ಮರುಕವಾಯಿತು. ಒಂದು ಕಾಗೆಯೂ ಹತ್ತಿರ ಬರಲಿಲ್ಲ. ನನ್ನ ತಂಗಿ ಗೇರುಮರದ ನೆರಳಿಗೂ ಹೋಗದೆ, ಕಾದ ಕಲ್ಲಿನ ಮೇಲೆ ಗೋಣಿ ಹಾಸಿಕೊಂಡು, ಮುಖವನ್ನು ಆಕಾಶಕ್ಕೆ ಎತ್ತಿ, ಕಣ್ಣು ಮುಚ್ಚಿ ಕುಳಿತಳು.

ಮಧ್ಯಾಹ್ನ ನನಗೆ ಊಟ ಇಟ್ಟು ದೂರ ನಿಂತು ಅವಳು ಕೇಳಿದಳು: “ಅಕ್ಕಾ, ನಿನಗೆ ನಿಜವಾಗಿ ಆದದ್ದಲ್ಲ ಅಲ್ವಾ?”

“ಮೆಲ್ಲ ಮಾತಾಡು. ನಿನಗೆ ಬಿಸಿಲು ಬೇಕು. ಬಿಸಿಲಲ್ಲಿ ಒಂದು ವಿಟಮಿನ್...”

“ನಾನೂ ನಾಲ್ಕು ವರ್ಷದಿಂದ ಅದನ್ನೇ ಹೇಳುವುದು, ನನಗೆ ಬಿಸಿಲು ಬೇಕು ಅಂತ. ಅದಕ್ಕೊಂದು ಹೆಸರುಂಟು ಅಂತ ಗೊತ್ತಿರಲಿಲ್ಲ, ಅಷ್ಟೆ.” ಹೀಗೆ ಹೇಳಿ ಸೊಂಟದಿಂದ ಒಂದು ಅರೆ ಒಣಗಿದ ಹಪ್ಪಳ ತೆಗೆದು, ಮಡಿಯನ್ನೂ ಮೈಲಿಗೆಯನ್ನೂ ಒಟ್ಟಿಗೆ ಮುರಿದು, ಅರ್ಧ ನನಗೆ ಎಸೆದಳು.

ನಾಲ್ಕನೆಯ ದಿನ ನಾನು ಮಿಂದು ಒಳಗೆ ಬಂದೆ. ಆದರೆ ಪಾರೆಯ ಕೆಲಸ ನನಗೆ ಸಿಗಲಿಲ್ಲ. “ಅವಳೇ ಹೋಗ್ಲಿ. ಅವಳು ಕೂತರೆ ಕಾಗೆ ಬರುವುದಿಲ್ಲ. ನೀನು ಪುಸ್ತಕ ಹಿಡಿದು ಕೂತರೆ ಅರ್ಧ ನಮಗೆ, ಅರ್ಧ ಕಾಗೆಗೆ” ಎಂದರು ಅಜ್ಜಿ. ಕೊಡೆ ಇದೆಯಲ್ಲ ಎಂಬ ಧೈರ್ಯ ಅವರದು. ಅಡುಗೆಮನೆಯಿಂದ ಪಾರೆ ಕಾಣದು, ಒಳಕೋಣೆಯ ಕತ್ತಲೆಯಲ್ಲಿ ಬಣ್ಣವೂ ಕಾಣದು. ವಾರ ಕಳೆಯುವುದರೊಳಗೆ ನನ್ನ ನಿಜವಾದ ಮೂರು ದಿನಗಳು ಬಂದವು. ದೇಹಕ್ಕೆ ನನ್ನ ಉಪಾಯದ ಸುದ್ದಿ ಮುಟ್ಟಿರಲಿಲ್ಲ. ಮತ್ತೆ ಹೊಸ್ತಿಲಿನ ಆಚೆ ನಿಂತೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕಾಗೆಗೆ ನಿನ್ನ ಮೇಲೆ ಎಂತ ಮಾರಾಯ್ತಿ ಇಷ್ಟು ಪ್ರೀತಿ?” ಎಂದರು. ಅವರಿಗೆ ಗೊತ್ತಾಯಿತೇ, ಗೊತ್ತಾಗಿ ಸುಮ್ಮನಿದ್ದರೇ ಎಂಬುದನ್ನು ನಾನು ಇಂದಿಗೂ ಬಲ್ಲೆನೆಂದು ಹೇಳಲಾರೆ.

ಹಪ್ಪಳದ ಕೊನೆಯ ಸುತ್ತಿನ ಸಂಜೆ ಸಿಕ್ಕಿದ್ದೇ ಆ ಅರ್ಧಚಂದ್ರ. ಅದೇ ಹೊತ್ತಿಗೆ, ನಮ್ಮ ದುರದೃಷ್ಟಕ್ಕೆ, ಸಂಬಂಧ ಕುದುರಿಸುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ಶಂಭು ಮಾವ ಜಗಲಿಯಲ್ಲಿ ಕುಳಿತಿದ್ದರು. ಕಾಸರಗೋಡಿನ ಒಂದು ಕಚೇರಿಯಲ್ಲಿ ಗುಮಾಸ್ತನಾದ ಹುಡುಗ, ಬರುವ ಆದಿತ್ಯವಾರ ನೋಡಲು ಬರುತ್ತಾರೆ ಎಂಬ ಸುದ್ದಿ ತಂದಿದ್ದರು. “ಬಾಯಿ ತೆಗಿ” ಎಂದು ಅಜ್ಜಿ ಸುಮತಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಸುಮತಿ ಬಾಯಿ ತೆಗೆದಳು. ಹಲ್ಲು ಬಹಳ ಬೆಳ್ಳಗೆ ಕಂಡಿತು. ಅಷ್ಟು ಬೆಳ್ಳಗೆ ಕಾಣಲು ಕಾರಣ ಹಲ್ಲಲ್ಲ ಎಂದು ಅಜ್ಜಿಗೆ ಹೊಳೆಯಲು ಒಂದು ಕ್ಷಣ ಹಿಡಿಯಿತು.

“ಅಯ್ಯೋ! ಇದೆಂತದು ಇದು!”

ಶಂಭು ಮಾವ ಕನ್ನಡಕ ಏರಿಸಿ ನೋಡಿದರು. “ಇವಳು ಯಾರು? ದೊಡ್ಡವಳಾ, ಸಣ್ಣವಳಾ?”

ಅಲ್ಲಿಗೆ ಎಲ್ಲ ಮುಗಿಯಿತು. ಕೋಲಿನ ತುದಿಯಲ್ಲಿ ಸತ್ತು ತೂಗುತ್ತಿದ್ದ ನನ್ನ ಕೊಡೆಯನ್ನು ಐತ ತಂದು ಜಗಲಿಯಲ್ಲಿ ಮಲಗಿಸಿದ. ಅಜ್ಜಿ ನನ್ನೊಂದಿಗೆ ಮಾತು ಬಿಟ್ಟರು. ಸುಮತಿ ಕಡಲೆಹಿಟ್ಟು, ಹಾಲಿನ ಕೆನೆ, ಅರಶಿನಗಳ ಕೆಳಗೆ ಮಾಯವಾಗಿ ಮತ್ತೆ ಒಳಕೋಣೆ ಸೇರಿದಳು. ನನಗೆ ಮಾತ್ರ ಗೊತ್ತಿದ್ದ ಒಂದು ವಿಷಯವಿತ್ತು: ಆ ಬೇಸಗೆಯಲ್ಲಿ, ಪಾರೆ ಹತ್ತಿದ ದಿನದಿಂದ, ಅವಳು ಒಂದು ಸಲವೂ ಸೀನಿರಲಿಲ್ಲ. ಬೇಸಗೆಯಲ್ಲಿ ಯಾರೂ ಅಷ್ಟಾಗಿ ಸೀನುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಆದಿತ್ಯವಾರ ಯಾರೂ ಬರಲಿಲ್ಲ. ಬಂದದ್ದು ಜ್ವರ. ಹುಡುಗನ ಮನೆಯಲ್ಲಿ ಎಲ್ಲರೂ ಮಲಗಿದ್ದಾರಂತೆ, ಅವನ ಅಜ್ಜ ತೀರಿಕೊಂಡರಂತೆ, ವರ್ಷ ಕಳೆಯದೆ ಶುಭಕಾರ್ಯವಿಲ್ಲವಂತೆ. ಮಳೆಯೂ ಅದೇ ವಾರ ಹಿಡಿಯಿತು. ನಮ್ಮಲ್ಲಿ ಮೊದಲು ಅಪ್ಪ ಮಲಗಿದರು, ಆಮೇಲೆ ನಾನು. ಇಷ್ಟು ವರ್ಷ ಶೀತವೇ ಆಗದ ನಾನು ಹಾಸಿಗೆಯಿಂದ ತಲೆಯೆತ್ತಲಾರದೆ, ಬೆನ್ನಿನ ಮೂಳೆಗಳ ಹೆಸರುಗಳನ್ನು ಒಂದೊಂದಾಗಿ ನೋವಿನಿಂದ ಗುರುತಿಸುತ್ತಾ ಮಲಗಿದೆ. ನಾನು ಎದ್ದು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಸುಮತಿಗೆ ಬಂತು. ಒಳಕೋಣೆಯಲ್ಲಿ, ಅದೇ ಮೂಲೆಯಲ್ಲಿ.

ಕೆಮ್ಮು ಗಂಟಲಿನಲ್ಲಿತ್ತು, ಆಮೇಲೆ ಕೆಳಗಿತ್ತು. ಅಜ್ಜಿ ಆ ದಿನಗಳಲ್ಲಿ ನನ್ನೊಂದಿಗೆ ಬಿಟ್ಟ ಮಾತನ್ನು ಮತ್ತೆ ತೆಗೆದುಕೊಂಡರು. ಆಡಿದ್ದು ಒಂದೇ ಮಾತು. ಸುಮತಿಯ ಹಣೆಯ ಮೇಲಿನ ಬಟ್ಟೆ ಬದಲಿಸುತ್ತಾ, ನನ್ನ ಕಡೆ ನೋಡದೆ, “ಇಳಿಯಿತಾ?” ಎಂದರು. ಬಂದು ನೋಡಿದ ಡಾಕ್ಟರು ಎದೆಗೆ ಇಳಿದಿದೆಯೆಂದೇ ನನಗೆ ಹೇಳಿದ್ದರು. ನಾನು “ಇಲ್ಲ” ಎಂದೆ. ಅವರು ನಂಬಲಿಲ್ಲ, ನಂಬದಿದ್ದರೂ ತಲೆಯಾಡಿಸಿದರು. ಅಪ್ಪ ಹೊರಗೆ ಮಳೆ ನೋಡುತ್ತಾ ನಿಂತಿದ್ದರು, ಒಳಗೆ ಬರಲಿಲ್ಲ. ಬರಲಾರರು ಎಂದು ನಮಗೆಲ್ಲ ಗೊತ್ತಿತ್ತು.

ಸುಮತಿ ಬದುಕಿದಳು. ಜ್ವರ ಒಂದು ಬೆಳಗಿನ ಹೊತ್ತು ಬೆವರಾಗಿ ಹರಿದು ಹೋಯಿತು. ಎದ್ದವಳು ಮೊದಲು ಕೇಳಿದ್ದು ಸುಟ್ಟ ಹಪ್ಪಳ ಮತ್ತು ಗಂಜಿ. ಇದು ನನ್ನ ಬಿಸಿಲಿನಿಂದಾಯಿತು ಎಂದು ಬರೆಯಲು ನನ್ನ ಕೈ ತವಕಿಸುತ್ತದೆ. ಆದರೆ ಅದೇ ವಾರ ಐತ ಸತ್ತ. ಜ್ವರ ಬಂದ ಮೇಲೂ ಎರಡು ದಿನ ಕೆಲಸಕ್ಕೆ ಬಂದಿದ್ದನಂತೆ, ನಮ್ಮ ಕಣ್ಣೆಲ್ಲ ಒಳಕೋಣೆಯ ಕಡೆಗಿದ್ದುದರಿಂದ ಯಾರೂ ನೋಡಲಿಲ್ಲ. ಹುಟ್ಟಿದಂದಿನಿಂದ ಬಿಸಿಲಿನಲ್ಲೇ ಇದ್ದವನು. ಅವನ ಮೈಯಲ್ಲಿ ಡಿ ವಿಟಮಿನ್ನಿಗೆ ಕೊರತೆಯಿರಲಿಲ್ಲ. ಉಳಿದ ಎಲ್ಲದಕ್ಕೂ ಇತ್ತು. ಮನೆಯಲ್ಲಿ ಹೇಳುವಾಗ ನಾನು ಕೈಬಿಟ್ಟ ಆ ಎರಡನೆಯ ಗುಂಪಿನ ಪಂಡಿತರು ಆ ರಾತ್ರಿ ನನ್ನ ಹಾಸಿಗೆಯ ಸುತ್ತ ಬಂದು ಕುಳಿತಂತಾಯಿತು.

ಮಳೆ ಜಡಿಯುವ ಆಟಿ ತಿಂಗಳ ನಡುವೆ ಒಂದು ದಿನ ಮಳೆ ನಿಂತು ಬಿಸಿಲು ಬಂತು. ಅಜ್ಜಿ ಮೊಣಕಾಲು ಒತ್ತಿ ಹಿಡಿದು ಎದ್ದು ಜಗಲಿಗೆ ಬಂದರು. “ಬೂಸ್ಟು ಹಿಡಿದದ್ದನ್ನೆಲ್ಲ ಹೊರಗೆ ಹಾಕಿ” ಎಂದು ಅಪ್ಪಣೆ ಮಾಡಿದರು. ಕಂಬಳಿ ಹೋಯಿತು, ಹಾಸಿಗೆ ಹೋಯಿತು, ಹಪ್ಪಳದ ಕಟ್ಟುಗಳು ಹೋದವು. ಎಲ್ಲ ಹೋದ ಮೇಲೆ ಅಜ್ಜಿ ಒಳಕೋಣೆಯ ಬಾಗಿಲಿನಲ್ಲಿ ನಿಂತರು. “ನೀನೂ ನಡಿ” ಎಂದರು ಸುಮತಿಗೆ.

ಸುಮತಿ ನನ್ನನ್ನು ನೋಡಿದಳು. ನಾನು ಅಜ್ಜಿಯನ್ನು ನೋಡಿದೆ. “ಬಣ್ಣ?” ಎಂದೆ.

“ಬಣ್ಣ ಇರ್ಲಿ. ಮೊದಲು ಹುಡುಗಿ ಇರ್ಬೇಕಲ್ಲ.” ಅವರು ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆಗೆ ತಿರುಗಿದರು. ಪಶ್ಚಾತ್ತಾಪ ಪಡುವಾಗ ಅಜ್ಜಿಗೆ ಜೊತೆಗೊಬ್ಬರು ಬೇಕು. “ಒಂದು ಕೇಳ್ತೇನೆ ಪದ್ಮಾ. ಮನೆಯವರಿಗೆಲ್ಲ ಬಿಸಿಲು ಬಿಸಿಲು ಅಂತ ಪಾಠ ಹೇಳ್ತಿ. ನೀನು ಶಾಲೆಗೆ ಹೋಗುವಾಗ, ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ, ಕೊಡೆ ಹಿಡಿದೇ ಹೋಗುವುದು ಯಾಕೆ? ಇಷ್ಟು ವರ್ಷ ನೋಡ್ತಾ ಇದ್ದೇನೆ, ಕೇಳಿರಲಿಲ್ಲ.”

ಅಜ್ಜಿಯ ಪ್ರಶ್ನೆಗಳಿಗೆ ಉತ್ತರ ಸಿಗದಾಗ ನಾನು ನೀರು ಕುಡಿಯಲು ಹೋಗುತ್ತೇನೆಂದು ಮೊದಲೇ ಹೇಳಿದ್ದೇನೆ. ಆ ದಿನ ಉತ್ತರ ನನ್ನಲ್ಲಿತ್ತು, ನನಗೆ ಬಿಸಿಲು ಬಿದ್ದರೂ ಬೀಳದಿದ್ದರೂ ಒಂದೇ ಆಗಿರಲಿಲ್ಲ; ಅದಕ್ಕೇ ಹೋದೆ. ಹಿಂದೆ ಬರುವಾಗ ಸುಮತಿ ಪಾರೆಯ ಮೇಲೆ ಕಂಬಳಿಗಳ ನಡುವೆ ಕುಳಿತು, ಕಣ್ಣು ಮುಚ್ಚಿ, ಮುಖವನ್ನು ಮೇಲಕ್ಕೆ ಎತ್ತಿದ್ದಳು. ತೆಳ್ಳಗಾಗಿದ್ದಳು. ಇನ್ನೂ ಕಪ್ಪಗೇ ಇದ್ದಳು. ಆ ಸಂಜೆ ಅವಳು ನನ್ನ ಕೊಡೆಯ ಬಟ್ಟೆಯನ್ನು ಕಡ್ಡಿಗಳಿಗೆ ಮತ್ತೆ ಹೊಲಿದು ಕೊಟ್ಟಳು. ಹೊಲಿಗೆ ಬಹಳ ಗಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆಯೂ ಬಿಸಿಲಿತ್ತು. ನಾನು ಶಾಲೆಗೆ ಹೊರಟೆ. ಅಜ್ಜಿ ಜಗಲಿಯಲ್ಲಿ ಕುಳಿತಿದ್ದರು, ಸುಮತಿ ಆಗಲೇ ಪಾರೆಯಲ್ಲಿದ್ದಳು. ಇಬ್ಬರ ಎದುರಿಗೂ ನಾನು ಕೊಡೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಬರಿ ತಲೆಯಲ್ಲಿ, ಸಿದ್ಧಾಂತಕ್ಕೆ ಒಪ್ಪುವಂತೆ ನಡೆದೆ. ಗೇರುಮರಗಳ ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದೆ. ಮನೆ ಕಾಣುತ್ತಿರಲಿಲ್ಲ. ಕೊಡೆ ಬಿಡಿಸಿದೆ.